ಕೊಟ್ಟ ಮನೆಯಲ್ಲಿ ಉಳಿದ ತವರಿನ ಚರಿತ್ರೆ

ವಂಶಾವಳಿಯ ಪುಟಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದು ಅಪರೂಪ. ಆದರೆ ಮನೆತನದ ನೆನಪು ಬಹುಪಾಲು ಕೂತಿರುವುದು ಅವರ ಬಳಿಯೇ. ಬಳಗದ ಕಥೆ ಬರೆದಿಡಲು ಹೊರಟವರು ಮೊದಲು ಯಾರ ಬಾಗಿಲು ಬಡಿಯಬೇಕು?

ಸುಗ್ಗಿ ಮುಗಿದು, ಕಣ ಖಾಲಿಯಾಗಿ, ಕಾಳುಕಡಿ ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬಸ್ಸಿಳಿದು ಬರುವವರಿದ್ದಾರೆ, ಬೈಕಿನಲ್ಲಿ ಬರುವವರೂ ಇದ್ದಾರೆ. ಬಂದವರು ಕಟ್ಟೆಯ ಮೇಲೆ ಕೂತು ಆ ಮನೆಯ ಹಿರೀಕರ ಹೆಸರುಗಳನ್ನು ಹೇಳತೊಡಗುತ್ತಾರೆ. ನಿಮ್ಮ ಮೂಲ ಊರು ಯಾವುದು, ಅಲ್ಲಿಂದ ಎದ್ದು ಬಂದದ್ದು ಯಾಕೆ, ಬಂದವನಿಗೆ ಗಂಡುಮಕ್ಕಳೆಷ್ಟು, ಅವರಲ್ಲಿ ಯಾರು ಊರಲ್ಲಿ ಉಳಿದರು, ಯಾರು ಹೊಳೆ ದಾಟಿ ಹೋದರು, ಮನೆದೇವರು ಯಾವುದು, ಬೆಡಗು ಯಾವುದು, ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಹಿಂದೆ ತಾಳೆಗರಿಯಲ್ಲೂ ತಾಮ್ರದ ತಗಡಿನಲ್ಲೂ ಇದ್ದ ಈ ಲೆಕ್ಕ ಈಗ ದಪ್ಪ ರಟ್ಟಿನ ಪುಸ್ತಕಗಳಲ್ಲಿದೆ. ಓದಿ ಮುಗಿದ ಮೇಲೆ ಹಿಂದಿನ ಸಲ ಬಂದು ಹೋದಾಗಿನಿಂದ ಈಚೆಗೆ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಜೋಳವೋ ಬಟ್ಟೆಯೋ ದುಡ್ಡೋ ಕೊಟ್ಟು ಕಳಿಸುತ್ತಾರೆ.

ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಸಂಪುಟಗಳಲ್ಲಿ ಬಳ್ಳಾರಿ ಮತ್ತು ಮೈಸೂರು ಸೀಮೆಯ ಹೆಳವರ ಪ್ರಸ್ತಾಪವಿದೆ. ಎತ್ತು, ಕಂಬಳಿ, ಮನೆಮನೆಗೆ ಹೋಗಿ ಮನೆತನದ ಕಥೆ ಹೇಳುವುದು, ಯುದ್ಧದಲ್ಲಿ ಮಡಿದ ವೀರರ ಹೆಸರು ನೆನೆಯುವುದು ಎಲ್ಲವನ್ನೂ ಆತ ದಾಖಲಿಸಿದ್ದಾನೆ. ಅಕ್ಷರ ಬಲ್ಲವರು ಊರಿಗೊಬ್ಬರೋ ಇಬ್ಬರೋ ಇದ್ದ ಕಾಲದಲ್ಲಿ, ಅರಸರದ್ದಲ್ಲದ ಒಕ್ಕಲಿನ ಮನೆಗಳಿಗೂ ಒಂದು ಲಿಖಿತ ಚರಿತ್ರೆ ಇತ್ತು. ಅದನ್ನು ಕಾಯುವುದಕ್ಕೇ ಒಂದು ಸಮುದಾಯವಿತ್ತು.

ಹೆಳವರ ಪದ್ಧತಿಯಿಂದ ಕಲಿಯಬೇಕಾದ ಸಂಗತಿ ಇನ್ನೊಂದಿದೆ. ಅವರು ಓದುವುದು ಎಲ್ಲರೆದುರು. ಕಟ್ಟೆಯ ಮೇಲೆ ಕೂತವರು ಸುಮ್ಮನೆ ಕೇಳುವುದಿಲ್ಲ. ‘ಅಂವ ದತ್ತಕ ಬಂದಾಂವ, ಅದನ್ನ ಹೇಳ್ರಿ’ ಎಂದು ಒಬ್ಬರು ತಡೆಯುತ್ತಾರೆ. ‘ಆ ಕವಲು ಈಗ ಪೂರಾ ಸೊಲ್ಲಾಪುರದಾಗ ಐತಿ’ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಹೀಗೆ ಓದು ನಡೆಯುತ್ತಲೇ ತಿದ್ದುಪಡಿಯೂ ನಡೆಯುತ್ತದೆ. ಕಪಾಟಿನಲ್ಲಿ ಬೀಗ ಹಾಕಿಟ್ಟ ವಂಶಾವಳಿಗೆ ಈ ಭಾಗ್ಯವಿಲ್ಲ.

ಆದರೆ ಆ ಪುಸ್ತಕಕ್ಕೆ ಒಂದು ಮಿತಿ ಇದೆ. ಅದರ ಎಳೆ ಸಾಮಾನ್ಯವಾಗಿ ಗಂಡುಮಕ್ಕಳ ಮೇಲೇ ಸಾಗುತ್ತದೆ. ನಾಲ್ಕು ಜನ ಅಣ್ಣತಮ್ಮಂದಿರ ಹೆಸರು ಸಾಲಾಗಿ ಬರುವಲ್ಲಿ ಅವರ ಜತೆ ಅದೇ ತೊಟ್ಟಿಲಲ್ಲಿ ಮಲಗಿದ ಮೂವರು ಅಕ್ಕತಂಗಿಯರು ಕಾಣುವುದಿಲ್ಲ. ಅವರು ‘ಕೊಟ್ಟ ಹೆಣ್ಣುಮಕ್ಕಳು’. ಲೆಕ್ಕದಿಂದ ಹೊರಗೆ.

ಪಂಚಮಿಗೆ ಬಂದವರ ಮಾತು

ಲೆಕ್ಕದಿಂದ ಹೊರಗಿಟ್ಟವರ ಬಳಿ ಏನಿದೆ ಎಂಬುದನ್ನು ನೋಡಬೇಕಾದರೆ ನಾಗರಪಂಚಮಿಗೆ ಧಾರವಾಡ, ಗದಗ, ಬಾಗಲಕೋಟೆ ಕಡೆಯ ಯಾವುದಾದರೂ ದೊಡ್ಡ ಮನೆಗೆ ಹೋಗಬೇಕು. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅದು. ಪಡಸಾಲೆಯಲ್ಲಿ ಗಂಡಸರು ಮಳೆ, ಪೇಟೆ ಧಾರಣೆ, ರಾಜಕೀಯ ಮಾತಾಡುತ್ತಿರುತ್ತಾರೆ. ಒಳಗೆ ಉಂಡಿ ಕಟ್ಟುತ್ತ ಕೂತ ಅತ್ತಿ, ದೊಡ್ಡವ್ವ, ಚಿಗವ್ವಂದಿರ ನಡುವೆ ಮಾತು ಮೂರು ತಲೆಮಾರು ಹಿಂದಕ್ಕೆ ಹೋಗಿರುತ್ತದೆ. ಯಾವ ಸೊಸೆ ಯಾವ ಬಾವಿಗೆ ನೀರಿಗೆ ಹೋಗುತ್ತಿದ್ದಳು, ಯಾರ ಬಾಣಂತನಕ್ಕೆ ಯಾವ ಊರಿನಿಂದ ತುಪ್ಪ ಬಂತು, ಯಾವ ಮುತ್ತಜ್ಜಿ ಸಿಟ್ಟಾಗಿ ಆಡಿದ ಮಾತಿನಿಂದ ಯಾವ ಎರಡು ಮನೆಗಳ ನಡುವೆ ಹೋಗುಬರುವುದು ನಿಂತಿತು ಎಂಬುದೆಲ್ಲ ಅಲ್ಲಿ ಹೊರಬರುತ್ತದೆ.

ನಮ್ಮ ಮನೆಯಲ್ಲಿ ಹಾಗೊಂದು ಮಧ್ಯಾಹ್ನ ಅತ್ತಿ ತಾನು ಗಂಡನ ಮನೆಯಿಂದ ತಂದಿದ್ದ ಹಳೆಯ ಕೌದಿಯೊಂದನ್ನು ನೆಲಕ್ಕೆ ಹಾಸಿದಳು. ಅವಳ ಮದುವೆಯಾದ ವರ್ಷ ಅವಳ ಅವ್ವ, ಅಂದರೆ ನಮ್ಮ ಅಜ್ಜಿ, ಹೊಲಿದು ಕೊಟ್ಟಿದ್ದು. ತುಂಡುಗಳ ಬಣ್ಣ ಮಾಸಿದ್ದರೂ ದಾರದ ಸಾಲು ಇನ್ನೂ ನೆಟ್ಟಗಿತ್ತು. ಅತ್ತಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳುತ್ತ ಹೋದಳು: ‘ಇದು ನಮ್ಮವ್ವನ ಇಳಕಲ್ಲ ಸೀರಿ. ಈ ಚೌಕ ನೋಡು, ನಿಮ್ಮಪ್ಪನ ಕುಂಚಿಗಿ. ಇದು ಅಪ್ಪನ ಧೋತರದ ಅಂಚು. ಇದು ದೊಡ್ಡಣ್ಣನ ಸಾಲಿ ಅಂಗಿ.’ ಅಂಚಿನ ಹತ್ತಿರ ಅಂಗೈಯಗಲದ ನೀಲಿ ಪಟ್ಟೆಯ ತುಂಡೊಂದಿತ್ತು. ‘ಇದ್ಯಾರದು?’ ಎಂದೆ. ‘ನಮಗ ಇನ್ನೊಬ್ಬಾಂವ ತಮ್ಮ ಇದ್ದನಲ್ಲ, ಗಣಜಿಲಿ ಎದ್ದು ಹ್ವಾದಾಂವ, ಅವನದು.’

ಆ ಮಗುವಿನ ಹೆಸರು ನಮ್ಮ ಮನೆಯ ಯಾವ ಕಾಗದದಲ್ಲೂ ಇಲ್ಲ. ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ, ಆಸ್ತಿಯಲ್ಲಿ ಪಾಲು ಕೇಳುವ ವಯಸ್ಸಂತೂ ದೂರವೇ. ಸರ್ಕಾರಕ್ಕೆ, ಹೆಳವರ ಪುಸ್ತಕಕ್ಕೆ, ಅಣ್ಣತಮ್ಮಂದಿರಿಗೆ ಅವನು ನೆನಪಿರಬೇಕಾದ ಕಾರಣವೇ ಇರಲಿಲ್ಲ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಓಡಾಡಿದ ಅಕ್ಕನೊಬ್ಬಳಿಗೆ ಮಾತ್ರ ಇತ್ತು. ಅವಳು ಆ ನೆನಪನ್ನು ಕೊಟ್ಟ ಮನೆಗೆ ಒಯ್ದಿದ್ದಳು. ಅಲ್ಲಿ ಅವಳನ್ನು ಯಾರೂ ಆ ಬಗ್ಗೆ ಕೇಳಿರಲಿಲ್ಲ.

ಎಳೆ ಅವ್ವನ ಕಡೆಯಿಂದ ಹೋದರೆ

ಎಲ್ಲ ಕಡೆಯೂ ಲೆಕ್ಕ ಹೀಗೇ ಇಲ್ಲ. ಘಟ್ಟದ ಕೆಳಗೆ, ಅಳಿಯಸಂತಾನದ ತುಳುನಾಡಿನಲ್ಲಿ, ಲೆಕ್ಕ ತಿರುಗುಮುರುಗು. ಅಲ್ಲಿ ಮಕ್ಕಳ ‘ಬರಿ’, ಅಂದರೆ ಬೆಡಗು, ತಾಯಿಯದು. ಕುಟುಂಬದ ಮನೆ ಎಂದರೆ ಅವ್ವ, ಅಜ್ಜಿ, ಮುತ್ತಜ್ಜಿಯರ ಸಾಲಿನ ಮನೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕುಟುಂಬದ ಶಾಖೆಯಾದ ‘ಕವರು’ ಲೆಕ್ಕವಾಗುವುದೇ ಒಬ್ಬ ಹೆಣ್ಣಿನಿಂದ ಮತ್ತು ಅವಳ ಹೆಣ್ಣುಸಂತತಿಯ ಸಾಲಿನಿಂದ. ಮುಂಬಯಿಯಲ್ಲಿ ಹೋಟೆಲು ನಡೆಸುವವರು, ಗಲ್ಫಿನಲ್ಲಿ ದುಡಿಯುವವರು ಊರಿನ ಕುಟುಂಬದ ಮನೆಯ ತಂಬಿಲಕ್ಕೋ ಕೋಲಕ್ಕೋ ಬಂದು ಸೇರುತ್ತಾರೆ. ದೈವದ ಮುಂದೆ ನಿಲ್ಲುವಾಗ ಯಾರು ಯಾವ ಅಜ್ಜಿಯ ಕವಲು ಎಂಬುದು ತಾನಾಗಿ ಮಾತಿಗೆ ಬರುತ್ತದೆ. ಆಸ್ತಿ ಪಾಲಾಗಿ ಎಷ್ಟೋ ವರ್ಷವಾದ ಮನೆಗಳಲ್ಲೂ ದೈವದ ಕೋಣೆ ಮಾತ್ರ ಎಲ್ಲರದಾಗಿ ಉಳಿದಿರುವುದು ಇದಕ್ಕೇ. ಆದರೆ ಅಲ್ಲಿಯೂ ಒಂದು ಕಡೆ ಬೆಳಕಿದ್ದರೆ ಇನ್ನೊಂದು ಕಡೆ ಕತ್ತಲೆ. ತಾಯಿಯ ಕಡೆಯ ನಾಲ್ಕು ತಲೆಮಾರು ಪಟಪಟ ಹೇಳುವವರು ತಂದೆಯ ಅಜ್ಜನ ಹೆಸರು ಕೇಳಿದರೆ ತಡವರಿಸುತ್ತಾರೆ.

ಕೊಡಗಿನ ವ್ಯವಸ್ಥೆ ಇನ್ನೊಂದು ಬಗೆ. ಒಕ್ಕದ, ಅಂದರೆ ಮನೆತನದ ಹೆಸರೇ ಗುರುತು, ಹಿರೀಕರ ಮನೆಯಾದ ಐನ್‌ಮನೆಯೇ ಮೂಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದವರೂ ಹೆಸರಿನ ಹಿಂದೆ ಒಕ್ಕವನ್ನು ಬಿಡುವುದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿ ಶುರುಮಾಡಿದಾಗ 60 ತಂಡಗಳಿದ್ದವು. ಪ್ರತಿ ಸಲವೂ ಬೇರೊಂದು ಒಕ್ಕ ಅದನ್ನು ನಡೆಸಿಕೊಂಡು ಬಂದಿದೆ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಆಟದ ನೆವದಲ್ಲಿ ನಡೆಯುವ ಕೆಲಸವೇ ಬೇರೆ: ತಂಡ ಕಟ್ಟಬೇಕಾದರೆ ಒಕ್ಕದಲ್ಲಿ ಯಾರ‍್ಯಾರು, ಎಲ್ಲೆಲ್ಲಿದ್ದಾರೆ ಎಂದು ಹುಡುಕಲೇಬೇಕು. ಚಿಕ್ಕ ಹುಡುಗಿಯೂ, ತಲೆ ಹಣ್ಣಾದ ಹಿರಿಯರೂ ಒಂದೇ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಾರೆ. ವಂಶಾವಳಿ ಓದದ ಮಕ್ಕಳಿಗೆ ದೊಡ್ಡಪ್ಪ, ಚಿಕ್ಕಪ್ಪಂದಿರ ಪರಿಚಯ ಅಲ್ಲೇ ಆಗಿಬಿಡುತ್ತದೆ.

ಅದೇ ಕೊಡಗಿನ ಇನ್ನೊಂದು ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಕೊಡವರ ಹಾಡು, ಗಾದೆ, ಸಂಪ್ರದಾಯಗಳನ್ನು ಕಲೆಹಾಕಿ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ. ಮುಂದೆ ಅವರೇ ಕೊಡಗೆಲ್ಲ ತಿರುಗಿ ಐನ್‌ಮನೆಗಳನ್ನು ದಾಖಲಿಸಿದರು. ಅಜ್ಜನ ಒಕ್ಕ ನಡಿಕೇರಿಯಂಡ, ಮೊಮ್ಮಕ್ಕಳದು ಬೊವ್ವೇರಿಯಂಡ. ಒಂದು ಒಕ್ಕದ ಹಿರಿಯರು ಕೂಡಿಟ್ಟಿದ್ದನ್ನು ಮುಂದಿನ ಶತಮಾನಕ್ಕೆ ದಾಟಿಸಿದ್ದು ಇನ್ನೊಂದು ಒಕ್ಕದ ಹೆಸರು ಹೊತ್ತವರು. ವಂಶದ ಗೆರೆ ನಿಂತಲ್ಲೂ ನೆನಪಿನ ಗೆರೆ ನಿಲ್ಲಲಿಲ್ಲ.

ತಲಾಟಿ ಕೇಳಿದ ಹೆಸರುಗಳು

ಹೆಣ್ಣುಮಕ್ಕಳ ಹೆಸರು ಎಷ್ಟೋ ಮನೆಗಳ ವಂಶವೃಕ್ಷದಲ್ಲಿ ಮೊದಲ ಸಲ ಮೂಡಿದ್ದು ಪ್ರೀತಿಯಿಂದಲ್ಲ, ಕಾಯ್ದೆಯಿಂದ. ಹೊಲ ಹಿಡಿದವರು ತೀರಿಕೊಂಡರೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಹೋಗುತ್ತದೆ, ತಲಾಟಿ ಊರಿಗೆ ಬಂದು ವಾರಸುದಾರರು ಯಾರ‍್ಯಾರು ಎಂದು ಕೇಳುತ್ತಾರೆ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತು. ಅಷ್ಟರಲ್ಲಿ ಮದುವೆಯಾಗಿದ್ದವರು ಮಾತ್ರ ಹೊರಗುಳಿದರು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನು ತೆಗೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿತು.

ಹೀಗಾಗಿ ಎಂದೋ ಕೊಟ್ಟು ಮರೆತ ಅತ್ತೆಯರ ಹೆಸರು, ಅವರ ಗಂಡಂದಿರ ಹೆಸರು, ಊರು, ಮಕ್ಕಳು ಎಲ್ಲವೂ ಕಾಗದಕ್ಕೆ ಬಂದವು. ಕರ್ನಾಟಕದ ಅದೆಷ್ಟೋ ಬಳಗಗಳು ವರ್ಷಗಟ್ಟಲೆ ನೋಡದ ನೆಂಟರನ್ನು ಹುಡುಕಿಕೊಂಡು ಹೋಗಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಸೋದರ ಸಂಬಂಧಿಗಳು ಮೊದಲ ಬಾರಿ ಮುಖ ನೋಡಿದ್ದುಂಟು. ಸಹಿ ಆದ ಮೇಲೆ ಒಂದು ಸೀರೆ, ಒಂದು ಊಟ, ಮತ್ತೆ ಮೌನ. ಅದೇ ದಿನ ಮಧ್ಯಾಹ್ನ ಆ ಅತ್ತೆಯನ್ನು ಕೂರಿಸಿಕೊಂಡು, ‘ನೀವು ಸಣ್ಣವರಿದ್ದಾಗ ಮನೆ ಹ್ಯಾಂಗಿತ್ತು?’ ಎಂದು ಕೇಳಿದ್ದರೆ ಸಹಿಗಿಂತ ದೊಡ್ಡದೇನೋ ಸಿಗುತ್ತಿತ್ತು. ಕೇಳುವವರು ಕಡಿಮೆ.

ಜೂನ್ ಒಂದರಂದು ಹುಟ್ಟಿದವರು

ಬಳಗದ ಕಥೆ ಬರೆಯಲು ಕೂತವರಿಗೆ ಮೊದಲ ಎಡವು ತಾರೀಖು. ಮನೆಯ ಹಿರಿಯರ ಶಾಲಾ ದಾಖಲೆ ತೆಗೆದು ನೋಡಿ. ಅಪ್ಪ, ಕಾಕಾ, ಅತ್ತಿ ಎಲ್ಲರೂ ಜೂನ್ 1ರಂದೇ ಹುಟ್ಟಿರುತ್ತಾರೆ. ಹೆಸರು ಹಚ್ಚುವ ದಿನ ಮಾಸ್ತರು ಹುಡುಗನನ್ನು ಕಣ್ಣಳತೆಯಲ್ಲಿ ನೋಡಿ ಬರೆದ ವಯಸ್ಸು ಅದು. ನಿಜವಾದ ವಯಸ್ಸು ಬೇಕಾದರೆ ಊರಿನ ದೊಡ್ಡ ಸಂಗತಿಗಳಿಗೆ ಗಂಟು ಹಾಕಬೇಕು. ಹುಬ್ಬಳ್ಳಿ–ಧಾರವಾಡದ ಕಡೆ ಪ್ಲೇಗಿನ ವರ್ಷ ಎಂದರೆ ಹತ್ತೊಂಬತ್ತನೆಯ ಶತಮಾನದ ಕೊನೆ. ಕಲಬುರಗಿ, ಬೀದರ, ರಾಯಚೂರಿನವರಿಗೆ ರಜಾಕಾರರ ಗಲಾಟೆ ಎಂದರೆ 1948ರ ಆಚೀಚೆ. ‘ಬರ ಬಿದ್ದ ವರ್ಷ ನನ್ನ ಮದುವಿ ಆತು’ ಎಂದು ವಿಜಯಪುರದ ಅಜ್ಜಿ ಹೇಳಿದರೆ ಅದು ಬಹುಮಟ್ಟಿಗೆ 1972ರ ಬರ. ಸಾಗರ ಸೀಮೆಯಲ್ಲಿ ‘ಮುಳುಗಡೆ ಮೊದಲು’, ‘ಮುಳುಗಡೆ ಆದ ಮೇಲೆ’ ಎಂದರೆ 1964ರ ಲಿಂಗನಮಕ್ಕಿ ಅಣೆಕಟ್ಟು ಮನಸ್ಸಿನಲ್ಲಿರುತ್ತದೆ. ‘ಯಾವ ಇಸವಿ?’ ಎಂದರೆ ಹಿರಿಯರು ಸುಮ್ಮನಾಗುತ್ತಾರೆ. ‘ಆಗ ಊರಾಗ ಏನ ನಡದಿತ್ತು?’ ಎಂದರೆ ಮಾತು ಸುರಿಯುತ್ತದೆ.

ಕಾಗದಗಳೂ ಇವೆ, ಆದರೆ ನಾವು ಹುಡುಕುವ ಜಾಗದಲ್ಲಿಲ್ಲ. ಖರೀದಿ ಪತ್ರ, ಹಳೆಯ ಉತಾರ, ವಾಟ್ನಿ ಕಾಗದಗಳಲ್ಲಿ ಗಂಡಸರ ಹೆಸರಷ್ಟೇ ಇರುತ್ತದೆ. ಹೆಣ್ಣುಮಕ್ಕಳು ಸಿಗುವುದು ಎರಡು ಕಡೆ. ಮೊದಲನೆಯದು ಲಗ್ನಪತ್ರಿಕೆ: ಯಾರ ಮಗಳು, ಯಾರ ಮೊಮ್ಮಗಳು, ಯಾವ ಊರಿನ ಯಾವ ಮನೆತನಕ್ಕೆ ಎಂಬುದೆಲ್ಲ ಅದರಲ್ಲಿರುತ್ತದೆ, ಕೆಳಗೆ ‘ಸುಖಾಗಮನ ಬಯಸುವವರು’ ಎಂಬಲ್ಲಿ ಅರ್ಧ ಬಳಗವೇ ನಿಂತಿರುತ್ತದೆ. ಎರಡನೆಯದು ಮುಯ್ಯಿ ಬರೆದಿಟ್ಟ ಪುಸ್ತಕ. ಮದುವೆ ಮನೆಯ ಮೂಲೆಯಲ್ಲಿ ಕೂತ ಒಬ್ಬರು ಬಂದವರ ಹೆಸರು, ಊರು, ಕೊಟ್ಟ ರೂಪಾಯಿ, ಏರಿಸಿದ ಬಟ್ಟೆ, ಪಾತ್ರೆ ಎಲ್ಲವನ್ನೂ ಬರೆದಿರುತ್ತಾರೆ. ತೀರಿಸಬೇಕಾದ ಲೆಕ್ಕವೆಂದು ಇಟ್ಟುಕೊಂಡ ಆ ಪುಸ್ತಕ ಐವತ್ತು ವರ್ಷದ ನಂತರ ಬಳಗದ ನಕ್ಷೆಯಾಗುತ್ತದೆ. ಯಾವ ಊರಿನಿಂದ ಎಷ್ಟು ಮನೆ ಬಂದವು, ಯಾವ ಸಂಬಂಧ ಗಟ್ಟಿಯಿತ್ತು, ಯಾವ ಮನೆಯವರು ಬರಲೇ ಇಲ್ಲ ಎಂಬುದನ್ನು ಅದು ಮುಲಾಜಿಲ್ಲದೆ ಹೇಳುತ್ತದೆ.

ಊರು ಮರೆತ ಮನೆತನಗಳಿಗೂ ಒಂದು ದಾರಿ ಉಳಿದಿದೆ: ಮನೆದೇವರು. ಮೂಲ ಊರು ನೆನಪಿಲ್ಲದವರಿಗೂ ಬಾದಾಮಿಯ ಬನಶಂಕರಿಗೋ ಸವದತ್ತಿ ಎಲ್ಲಮ್ಮನಿಗೋ ಮೈಲಾರಕ್ಕೋ ನಡೆದುಕೊಳ್ಳುವುದು ಗೊತ್ತಿರುತ್ತದೆ. ಜಾತ್ರೆಯಲ್ಲಿ ಒಂದೇ ಅಡ್ಡಹೆಸರು, ಒಂದೇ ಬೆಡಗಿನವರು ಎದುರಾಗಿ ಅಲ್ಲೇ ಕುಳಿತು ಸಂಬಂಧ ಜೋಡಿಸಿಕೊಂಡ ಪ್ರಸಂಗಗಳು ಕಡಿಮೆಯಿಲ್ಲ.

ಎಲ್ಲವನ್ನೂ ಹೇಳಬೇಕೆ?

ಬಳಗ ಸೇರಿ ನೆನಪು ಹಂಚಿಕೊಳ್ಳುವುದೆಂದರೆ ಬರೀ ಹಳೆಯ ಫೋಟೊ ನೋಡಿ ನಗುವುದಲ್ಲ. ಎರಡನೆಯ ಸಂಬಂಧ, ದತ್ತಕದ ಜಗಳ, ಮನೆ ಬಿಟ್ಟು ಹೋದವರು, ಬಾವಿಗೆ ಬಿದ್ದ ಸೊಸೆ, ದೇವರಿಗೆ ಬಿಟ್ಟ ಮಗಳು; ಕೆದಕಿದರೆ ಇವೂ ಹೊರಬರುತ್ತವೆ. ಎಸ್.ಎಲ್. ಭೈರಪ್ಪನವರು 1965ರಲ್ಲಿ ಬರೆದ ‘ವಂಶವೃಕ್ಷ’ ಕಾದಂಬರಿಯಲ್ಲಿ ಕುಲದ ಶುದ್ಧಿಯನ್ನೇ ಬಾಳಿನ ಆಧಾರ ಮಾಡಿಕೊಂಡ ಶ್ರೀನಿವಾಸ ಶ್ರೋತ್ರಿಯವರಿಗೆ ತಮ್ಮ ಹುಟ್ಟಿನ ಸತ್ಯ ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಮರದ ಬೇರು ಅಗೆಯಲು ಹೋದವರು ಸಿಕ್ಕಿದ್ದಕ್ಕೆ ಸಿದ್ಧರಿರಬೇಕು.

ಬದುಕಿರುವವರ ಮಾನಕ್ಕೆ ತಾಗುವ ಮಾತನ್ನು ಅವರ ಒಪ್ಪಿಗೆ ಇಲ್ಲದೆ ಬಳಗದ ಮುಂದಿಡಬಾರದು. ಹಾಗೆಂದು ಹಳೆಯದನ್ನೆಲ್ಲ ತೊಳೆದು ಬಿಳಿ ಮಾಡಿದರೆ ಉಳಿಯುವುದು ಹೊಗಳಿಕೆಯ ಪಟ್ಟಿ ಮಾತ್ರ. ಒಂದೇ ಜಗಳಕ್ಕೆ ದೊಡ್ಡಪ್ಪನ ಮನೆಯವರು ಒಂದು ಕಾರಣ, ಚಿಕ್ಕಪ್ಪನ ಮನೆಯವರು ಇನ್ನೊಂದು ಕಾರಣ ಹೇಳಿದರೆ ಎರಡನ್ನೂ ಬರೆದಿಡುವುದು ಒಳ್ಳೆಯದು. ತೀರ್ಪು ಕೊಡುವುದು ಬರೆಯುವವರ ಕೆಲಸವಲ್ಲ. ಅತ್ತೆಯರ ಮಾತು ಇಲ್ಲಿಯೂ ಉಪಕಾರಕ್ಕೆ ಬರುತ್ತದೆ. ಹೊಲದ ಪಾಲಿನಲ್ಲಿ ಅಷ್ಟಾಗಿ ಸಿಕ್ಕಿಬೀಳದೆ, ಎರಡೂ ಮನೆಯ ಊಟ ಉಂಡು ಹೋದವರಾದ್ದರಿಂದ ಎರಡೂ ಕಡೆಯ ತಪ್ಪು ಅವರಿಗೆ ಕಾಣುತ್ತದೆ.

ಈ ರಜೆಯಲ್ಲೇ ಶುರುಮಾಡಬಹುದು

ದೊಡ್ಡ ಸಮಾವೇಶ, ಶಾಮಿಯಾನ, ಸ್ಮರಣ ಸಂಚಿಕೆ ಯಾವುದೂ ಬೇಕಿಲ್ಲ. ಮಾಡಬೇಕಾದ್ದು ಇಷ್ಟು:

• ಬಳಗದಲ್ಲಿ ಎಲ್ಲರಿಗಿಂತ ಹಿರಿಯಳಾದ, ಕೊಟ್ಟ ಮನೆಯಲ್ಲಿರುವ ಹೆಣ್ಣುಮಗಳ ಹತ್ತಿರ ಮೊದಲು ಹೋಗಿ. ಅವರ ಜತೆಗೊಬ್ಬರು ಅದೇ ವಾರಗೆಯವರಿದ್ದರೆ ಇನ್ನೂ ಒಳ್ಳೆಯದು. ಒಬ್ಬರು ಮರೆತಿದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ.

• ಬರಿಗೈಲಿ ಕೂತು ‘ಏನಾದರೂ ಹೇಳಿ’ ಅನ್ನಬೇಡಿ. ಫೋಟೊ, ಪಾತ್ರೆ, ಸೀರೆ, ಕೌದಿ ಏನಾದರೂ ಮುಂದಿಡಿ. ವಸ್ತು ಕಂಡರೆ ಮಾತು ಹೊರಡುತ್ತದೆ.

• ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ; ಹೇಳಿಯೇ ಮುದ್ರಿಸಿ. ಶುರುವಿನಲ್ಲಿ ದಿನಾಂಕ, ಊರು, ಮಾತಾಡುವವರ ಹೆಸರು ಹೇಳಿಸಿ.

• ಹಳೆಯ ಫೋಟೊದ ಹಿಂದೆ ಪೆನ್ನಿನಿಂದ ಬರೆಯಬೇಡಿ, ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಎಡದಿಂದ ಬಲಕ್ಕೆ ಯಾರು, ಏನಾಗಬೇಕು, ಹೆಣ್ಣುಮಕ್ಕಳಾದರೆ ಯಾವ ಊರಿಗೆ ಕೊಟ್ಟದ್ದು ಎಂಬುದನ್ನೂ ಸೇರಿಸಿ. ‘ಅಜ್ಜಿ’ ಎಂದಷ್ಟೇ ಬರೆದರೆ ಮುಂದಿನವರಿಗೆ ಯಾರ ಅಜ್ಜಿ ಎಂದು ತಿಳಿಯುವುದಿಲ್ಲ.

• ಬಳಗದ ವಾಟ್ಸ್‌ಆ್ಯಪ್ ಗುಂಪು ಕೇಳಲು, ತಿದ್ದಲು ಚೆನ್ನ, ಕಾಯ್ದಿಡಲು ಅಲ್ಲ. ಫೋನು ಬದಲಾದರೆ ಧ್ವನಿಯೂ ಹೋಗುತ್ತದೆ, ಫೋಟೊವೂ ಹೋಗುತ್ತದೆ. ವರ್ಷಕ್ಕೊಮ್ಮೆಯಾದರೂ ಬೇರೆಡೆ ಪ್ರತಿ ಮಾಡಿಡಿ, ಮುಖ್ಯವಾದದ್ದನ್ನು ಕಾಗದದ ಮೇಲೆ ಮುದ್ರಿಸಿ.

• ಬರೆದದ್ದನ್ನು ಹೆಳವರ ಹಾಗೆ ಎಲ್ಲರೆದುರು ಜೋರಾಗಿ ಓದಿ. ತಪ್ಪು ತಿದ್ದುವವರು ಆಗ ತಾವಾಗಿ ಬಾಯಿ ತೆರೆಯುತ್ತಾರೆ.

ಕೊನೆಯದು ಪ್ರತಿಗಳ ಮಾತು. ಬಳಗದ ಪುಸ್ತಕವೊಂದು ಸಿದ್ಧವಾದರೆ ಅದನ್ನು ಮೂಲ ಮನೆಯ ಕಪಾಟಿನಲ್ಲಿ ಮಾತ್ರ ಇಡುವುದು ನಮ್ಮ ರೂಢಿ. ಆದರೆ ಮೂಲ ಮನೆಗಳ ಪಾಡೇನಾಗಿದೆ ನೋಡಿ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಹೋದವು. ಶರಾವತಿಯಲ್ಲಿ ಹಳ್ಳಿಗಳೇ ಹೋದವು. ನೀರು ಬಾರದ ಕಡೆ ಪಾಲಾಗಿ, ಗೋಡೆಯೆದ್ದು, ಮಾರಾಟವಾಗಿ ಹೋದವು. ಮನೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಬೀಳುವುದು ಕಾಗದದ ಗಂಟು. ಅದಕ್ಕೇ ಮೊದಲ ಪ್ರತಿಗಳು ಅಕ್ಕತಂಗಿಯರ, ಅತ್ತೆಯರ, ಸೋದರ ಮೊಮ್ಮಕ್ಕಳ ಮನೆಗಳಿಗೆ ಹೋಗಲಿ. ಬೇರೆ ಬೇರೆ ಊರು, ಬೇರೆ ಬೇರೆ ಅಡ್ಡಹೆಸರು, ಬೇರೆ ಬೇರೆ ಛಾವಣಿ. ಎಲ್ಲ ಕಡೆಯೂ ಒಂದೇ ದಿನ ನೀರು ನುಗ್ಗುವುದಿಲ್ಲ, ಎಲ್ಲ ಕಡೆಯೂ ಒಂದೇ ವರ್ಷ ವಾಟ್ನಿಯಾಗುವುದಿಲ್ಲ. ಮನೆತನದ ಹೆಸರು ಗಂಡುಮಕ್ಕಳ ಜತೆ ಉಳಿದರೆ ಉಳಿಯಲಿ. ಅದರ ಚರಿತ್ರೆ ಉಳಿಯಬೇಕಾದರೆ ಕೊಟ್ಟ ಮನೆಗಳಲ್ಲಿ ಅದಕ್ಕೊಂದು ಜಾಗ ಬೇಕು. ಆ ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರೂ ಇರಬೇಕು.